ಕರಡಪ್ಪ ಕರಡಿ ಒಗೆದದ್ದು

ಅಷ್ಟೆಲ್ಲ ರಾಮಾಯಣಕ್ಕೆ ಕಾರಣ ಒಂದೇ ಒಂದು ಸೀನು.

ಸೀನಿದವಳು ಪುಟ್ಟಿ, ವಯಸ್ಸು ಐದು. ಬೆಳಿಗ್ಗೆ ಹಾಲಿನ ಲೋಟದ ಮುಂದೆ ಕೂತು, ಬಗಲಲ್ಲಿದ್ದ ಗೊಂಬೆ ಕರಡಿಯ ತಲೆಗೆ ಮೂಗು ಉಜ್ಜಿಕೊಂಡು, ಕಿಟಕಿಯ ಗಾಜು ಅದುರುವಂತೆ ಸೀನಿದಳು. ಹಾಲು ಅಪ್ಪನ ಅಂಗಿಯ ಮೇಲೆ ಬಿತ್ತು. ಅಮ್ಮನ ಕಣ್ಣು ಕರಡಿಯ ಮೇಲೆ ಬಿತ್ತು.

ಅಮ್ಮ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಬರಿಗಣ್ಣಿಗೆ ಕಾಣದ ಕ್ರಿಮಿಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ನೋಡಿ, ಈಗ ಅವಳಿಗೆ ಸೂಕ್ಷ್ಮದರ್ಶಕವಿಲ್ಲದೆಯೂ ಅವು ಕಾಣತೊಡಗಿದ್ದವು.

“ರೀ, ಇದು ಕರಡಿಯಲ್ಲ, ಕ್ರಿಮಿಗಳ ರಾಜಧಾನಿ. ಧೂಳೆಲ್ಲ ಇರೋದು ಇದರಲ್ಲೇ ಅಂತ ಡಾಕ್ಟರು ಆಗಲೇ ಹೇಳಿದ್ದಾರೆ. ಇವತ್ತು ನಿಮಗೆ ರಜ ತಾನೆ? ನಾನು ಸಂಜೆ ಬರೋ ಹೊತ್ತಿಗೆ ಇದನ್ನ ಒಗೆದು ಒಣಗಿಸಿ ಇಟ್ಟಿರಿ. ಇಲ್ಲದಿದ್ರೆ ನಾಳೆ ನಾನೇ ಮನೆಯಿಂದಾಚೆ ಹಾಕ್ತೀನಿ.”

ಇಷ್ಟು ಹೇಳಿ ಅವಳು ಚೀಲ ಹೆಗಲಿಗೇರಿಸಿ ಹೊರಟೇಬಿಟ್ಟಳು. ಮನೆಯಲ್ಲಿ ಉಳಿದವರು ಮೂವರು: ಪುಟ್ಟಿ, ಕರಡಿ, ಕರಡಪ್ಪ.

ಕರಡಪ್ಪ ಎಂಬುದು ಪುಟ್ಟಿಯ ಅಪ್ಪನ ನಿಜವಾದ ಹೆಸರಲ್ಲ. ನಿಜವಾದ ಹೆಸರು ಕಚೇರಿಯ ಹಾಜರಿ ಪುಸ್ತಕದಲ್ಲಿ ಮಾತ್ರ ಬದುಕಿತ್ತು. ಮುದ್ರಣಾಲಯದಲ್ಲಿ ಪುಸ್ತಕ ಅಚ್ಚಿಗೆ ಹೋಗುವ ಮೊದಲು ಕರಡು ಪ್ರತಿ ತಿದ್ದುವುದು ಅವನ ಹೊಟ್ಟೆಪಾಡು. ಹಾಗಾಗಿ ಎಲ್ಲರ ಬಾಯಲ್ಲೂ ಕರಡಪ್ಪ. ತಪ್ಪು ಕಂಡರೆ ಅವನ ಕೈ ತಾನಾಗಿಯೇ ಜೇಬಿನ ಕೆಂಪು ಪೆನ್ನಿಗೆ ಹೋಗುತ್ತಿತ್ತು. ಅಂಗಡಿಯ ಬೋರ್ಡು, ಔಷಧಿಯ ಬಾಟಲಿ, ಯಾವುದನ್ನೂ ಅವನು ಬಿಟ್ಟವನಲ್ಲ. ಮದುವೆಗೆ ಮೊದಲು ಹೆಂಡತಿ ಬರೆದ ಪ್ರೇಮಪತ್ರಗಳನ್ನೂ ತಿದ್ದಿ ವಾಪಸು ಕಳಿಸಿದ್ದ. ಆದರೂ ಅವಳು ಮದುವೆಯಾದಳು ಎಂಬುದು ಅವಳ ದೊಡ್ಡತನ. ಕರಡು ಎಂಬುದರ ಕೊನೆಯ ಕೊಂಬು ಕಿತ್ತು ಒಂದು ಗುಡಿಸು ಕೊಟ್ಟರೆ ಕರಡಿಯಾಗುತ್ತದೆ ಎಂದು ಅವನು ಎಷ್ಟೋ ಸಲ ನಕ್ಕಿದ್ದುಂಟು. ಆ ಗುಡಿಸು ಒಂದು ದಿನ ತನ್ನ ಕೊರಳಿಗೇ ಬೀಳುತ್ತದೆಂದು ಅವನಿಗೆ ಗೊತ್ತಿರಲಿಲ್ಲ.

“ಡುಮ್ಮಣ್ಣನ್ನ ಮುಟ್ಟಬೇಡ!” ಎಂದಳು ಪುಟ್ಟಿ.

ಡುಮ್ಮಣ್ಣ ಮೂರು ವರ್ಷದ ಹಿಂದೆ ಅಂಗಡಿಯಿಂದ ಬಂದಾಗ ಜೇನಿನ ಬಣ್ಣದವನಾಗಿದ್ದ. ಈಗಿನ ಅವನ ಬಣ್ಣಕ್ಕೆ ಯಾವ ನಿಘಂಟಿನಲ್ಲೂ ಹೆಸರಿಲ್ಲ. ಪುಟ್ಟಿ ದಿನವೂ ಮುಖ ಒತ್ತಿಕೊಂಡು ಮಲಗುತ್ತಿದ್ದುದರಿಂದ ಅವನ ಮೂಗು ಚಪ್ಪಟೆಯಾಗಿತ್ತು. ಹರಿದ ಎಡಗಿವಿಗೆ ಕರಡಪ್ಪ ತಾನೇ ನೀಲಿ ದಾರದಲ್ಲಿ ಹೊಲಿಗೆ ಹಾಕಿದ್ದ. ಹೊಟ್ಟೆಯ ಮೇಲೆ ಕೆಂಪು ಪೆನ್ನಿನ ಕಲೆ. ಒಮ್ಮೆ ಅವನನ್ನು ಚಿಕ್ಕಮ್ಮನ ಮನೆಯಲ್ಲಿ ಮರೆತು ಬಂದಾಗ ಪುಟ್ಟಿ ಎರಡು ದಿನ ಊಟ ಮುಟ್ಟಿರಲಿಲ್ಲ, ನಿದ್ದೆ ಮಾಡಿರಲಿಲ್ಲ. ಮಾಡಲು ಬೇರೆಯವರನ್ನೂ ಬಿಟ್ಟಿರಲಿಲ್ಲ.

“ಬರೀ ಸ್ನಾನ ಕಣೇ ಪುಟ್ಟಿ. ನೀನು ಮಾಡಲ್ವಾ ದಿನಾ?”

“ಕಣ್ಣಿಗೆ ಸೋಪು ಹೋಗಬಾರದು. ಅವನ ವಾಸನೆ ಹೋಗಬಾರದು. ಅವನು ಬೇರೆಯವನಾಗಿ ವಾಪಸು ಬರಬಾರದು.”

“ಬರಲ್ಲ. ಹೇಗಿದ್ನೋ ಹಾಗೇ ಇರ್ತಾನೆ. ಒಂದು ಅಕ್ಷರ ಆಚೀಚೆ ಆಗಲ್ಲ.”

“ಬೇರೆ ಯಾರಾದ್ರೂ ಬಂದ್ರೆ?”

“ಬಂದ್ರೆ ನನ್ನ ಕಿವಿ ಹಿಂಡು.”

ಪುಟ್ಟಿ ಅಪ್ಪನ ಕಿವಿಗಳನ್ನು ಒಮ್ಮೆ ಅಳೆಯುವಂತೆ ನೋಡಿ, ಡುಮ್ಮಣ್ಣನಿಗೆ ಮುತ್ತು ಕೊಟ್ಟು, ಶಾಲೆಯ ವ್ಯಾನು ಹತ್ತಿದಳು.

ಕರಡಪ್ಪ ಬಾಲ್ಕನಿಯಲ್ಲಿ ಬಕೆಟ್ಟಿಗೆ ನೀರು ತುಂಬಿಸಿ, ಸೋಪಿನ ಪುಡಿ ಕಲಕಿ, ಮೊಣಕೈವರೆಗೆ ನೊರೆ ಮಾಡಿಕೊಂಡು ಸಿದ್ಧನಾದ. ಆದರೆ ಓದುವಂಥದ್ದು ಏನಾದರೂ ಇದ್ದರೆ ಓದದೆ ಮುಂದುವರಿಯುವುದು ಅವನ ಜಾಯಮಾನವಲ್ಲ. ಡುಮ್ಮಣ್ಣನ ಬಾಲದ ಕೆಳಗೆ ಒಂದು ಬಟ್ಟೆಯ ಚೀಟಿ ಹೊಲಿದಿತ್ತು. ಅದರ ಮೇಲೆ “ನೀರಿನಲ್ಲಿ ತೊಳೆಯಬೇ” ಎಂದು ಅಚ್ಚಾಗಿತ್ತು. ಉಳಿದದ್ದನ್ನು ಪುಟ್ಟಿ ಮೂರು ವರ್ಷ ಚೀಪಿ ನುಂಗಿದ್ದಳು.

ತೊಳೆಯಬೇಕೋ, ತೊಳೆಯಬೇಡವೋ? “ಬೇ”ವರೆಗೆ ಎಲ್ಲ ಸ್ಪಷ್ಟ, ಅದರಾಚೆ ಕತ್ತಲು. ಕರಡಪ್ಪ ಚೀಟಿಯನ್ನು ಬಿಸಿಲಿಗೆ ಹಿಡಿದ, ಕನ್ನಡಕ ತೆಗೆದು ನೋಡಿದ, ಹಾಕಿ ನೋಡಿದ. ಕೊನೆಗೆ ಗಟ್ಟಿಯಾಗಿ ಓದಿಯೂ ನೋಡಿದ. ಅಲ್ಲೇ ಅವನು ಎಡವಿದ್ದು. ಮೇಲಿನ ಬಾಲ್ಕನಿಯಿಂದ ಒಂದು ಬಕ್ಕತಲೆ ಹೊರಬಂತು.

ಅದು ಔಷಧಿ ಅಂಕಲ್‌ದು. ನಲವತ್ತು ವರ್ಷ ಔಷಧಿ ಅಂಗಡಿ ನಡೆಸಿ ಈಗ ಮನೆಯಲ್ಲಿ ಕೂತಿರುವ ಅವರಿಗೆ, ಜಗತ್ತಿನಲ್ಲಿ ಸಲಹೆ ಕೇಳದೆ ಇರುವವರೆಲ್ಲ ರೋಗಿಗಳೇ.

“ಬೇಕು ಅಂತಲೇ ಇರೋದು, ಅನುಮಾನ ಬೇಡ. ಬಿಸಿನೀರು, ಎರಡು ಚಮಚ ಅಡುಗೆ ಸೋಡಾ. ಅರ್ಧ ಗಂಟೆ ನೆನೆಸಿ. ವಾಸಿಯಾಗದಿದ್ರೆ ಮತ್ತೆ ಅರ್ಧ ಗಂಟೆ.”

“ಬೇಡ, ಬೇಡ!” ಎಂದು ಎದುರಿನ ಅಂಗಡಿಯಿಂದ ದರ್ಜಿ ಕೂಗಿದ. ಬೀದಿಯ ಈಚೆ ಬದಿಯಲ್ಲಿ ಸೂಜಿ ಬಿದ್ದರೆ ಅದು ಯಾವ ನಂಬರಿನ ಸೂಜಿ ಎಂದು ಆಚೆ ಬದಿಯಿಂದ ಹೇಳುವಂಥ ಕಿವಿ ಅವನದು. “ನೀರಿಗೆ ಹಾಕಿದ್ರೆ ಒಳಗಿನ ಹತ್ತಿ ಗಂಟು ಕಟ್ಟುತ್ತೆ ಸ್ವಾಮಿ! ಮೊದಲು ಹೊಟ್ಟೆ ಬಿಚ್ಚಿ ಹತ್ತಿ ತೆಗೀಬೇಕು. ಕೊಡಿ ಇಲ್ಲಿ, ಹತ್ತು ನಿಮಿಷದ ಕೆಲಸ.”

“ಕತ್ತರಿ ಇರೋನಿಗೆಲ್ಲ ಹೊಟ್ಟೆ ಕಂಡ್ರೆ ಕೈ ಕಡಿಯುತ್ತೆ,” ಎಂದರು ಅಂಕಲ್.

“ಸೀಸೆ ಇರೋನಿಗೆ ಎಲ್ಲಾನೂ ಕುಲುಕೋ ಚಪಲ,” ಎಂದ ದರ್ಜಿ.

ಇಬ್ಬರ ಮಾತೂ ಕರಡಪ್ಪನ ತಲೆಯ ಮೇಲೆ ಹಾದುಹೋಗುತ್ತಿರುವಾಗ ಅವನ ಫೋನು ಬಡಿದುಕೊಂಡಿತು. ಮುದ್ರಣಾಲಯದ ಫೋರ್‌ಮನ್. ಮದುವೆಯ ಕರೆಯೋಲೆಯೊಂದು ಯಂತ್ರಕ್ಕೆ ಏರಿದೆ, ಕೊನೆಯ ಗಳಿಗೆಯಲ್ಲಿ ಏನೋ ಸರಿಯಿಲ್ಲ ಅನ್ನಿಸುತ್ತಿದೆ, ಸ್ವಲ್ಪ ನೋಡಬೇಕು ಎಂದು ಅವನು ಫೋಟೊ ಕಳಿಸಿದ್ದ. ಕರಡಪ್ಪ ನೋಡಿದ. “ವಧು-ವರರನ್ನು ಹರಸಿ” ಎಂದಿರಬೇಕಾದಲ್ಲಿ “ವಧೆ-ವರರನ್ನು ಹರಸಿ” ಎಂದಿತ್ತು.

“ನಿಲ್ಸಿ! ಯಂತ್ರ ನಿಲ್ಸಿ!” ಎಂದು ಅವನು ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಒತ್ತಿಕೊಂಡು ಕೂಗಿದ. ಒಂದು ಕೈಯಲ್ಲಿ ಕರಡಿ, ಇನ್ನೊಂದರಲ್ಲಿ ನೊರೆ.

ಅದೇ ಹೊತ್ತಿಗೆ ತೆರೆದ ಬಾಗಿಲಿನಿಂದ ದೊಡ್ಡಮ್ಮ ಒಳಗೆ ಬಂದರು. ಕೆಳಗಿನ ಮನೆಯಲ್ಲಿರುವ ಮಗನ ಬಳಿಗೆ ದೂರದ ಊರಿನಿಂದ ಬಂದು ಅವರಿಗೆ ಮೂರೇ ವಾರವಾಗಿತ್ತು. ಅಷ್ಟರಲ್ಲೇ ಬೀದಿಯವರೆಲ್ಲರ ಮಂಡಿನೋವು ಅವರಿಗೆ ಬಾಯಿಪಾಠ. ಒಳ್ಳೆಯ ಮನಸ್ಸಿನವರು, ಹೇಳಿದ ಕೆಲಸಕ್ಕೆ ಎರಡನೇ ಮಾತಿಲ್ಲ, ಬಾಯಿ ಮಾತ್ರ ಸ್ವಲ್ಪ ಸಡಿಲ.

“ಕೊಂಬು ಕೊಡ್ರಿ! ಎತ್ವ ತೆಗೆದು ಕೊಂಬು ಕೊಡ್ರಿ!” ಎಂದು ಕರಡಪ್ಪ ಫೋನಿಗೆ ಹೇಳುತ್ತಿದ್ದ.

“ಅಯ್ಯೋ, ಕರಡಿಗೆ ಎಲ್ಲಿಯ ಕೊಂಬಪ್ಪ?” ಎಂದು ದೊಡ್ಡಮ್ಮ ಗಾಬರಿಯಾದರು. “ಏನು ಮಾಡಬೇಕು ಇದನ್ನ? ನಾನು ಮಾಡ್ತೀನಿ, ಕೊಡಿ ಇಲ್ಲಿ.”

ಕರಡಪ್ಪನಿಗೆ ದೇವರೇ ಬಂದ ಹಾಗಾಯಿತು. ಕರಡಿಯನ್ನು ಅವರ ಕೈಗಿತ್ತು, “ಇದನ್ನ ಒಂಚೂರು ಒಗೆದುಬಿಡಿ ದೊಡ್ಡಮ್ಮ, ಪುಣ್ಯ ಬರುತ್ತೆ,” ಎಂದ.

“ಒಗೆಯೋದು ತಾನೆ? ಅದಕ್ಕೇನಂತೆ,” ಎಂದು ದೊಡ್ಡಮ್ಮ ಡುಮ್ಮಣ್ಣನನ್ನು ಕಾಲು ಹಿಡಿದು ಎತ್ತಿಕೊಂಡು ಹೋದರು.

ವಧೆಯನ್ನು ವಧುವಾಗಿ ಮಾಡಲು ಇಪ್ಪತ್ತು ನಿಮಿಷ ಹಿಡಿಯಿತು. ಒಂದು ಮದುವೆ ಉಳಿಸಿದ ಸಮಾಧಾನದಿಂದ ಕರಡಪ್ಪ ಕೈ ಒರೆಸಿಕೊಂಡು ಕೆಳಗಿಳಿದ. ದೊಡ್ಡಮ್ಮ ಮೆಟ್ಟಿಲ ಮೇಲೆ ನಿರಾಳವಾಗಿ ಕೂತಿದ್ದರು.

“ಒಗೆದ್ರಾ ದೊಡ್ಡಮ್ಮ?”

“ಆಗಲೇ ಒಗೆದಾಯ್ತಲ್ಲ.”

“ಇಷ್ಟು ಬೇಗನಾ! ಎಲ್ಲಿ ಒಣಗೋಕೆ ಹಾಕಿದ್ರಿ?”

“ಒಣಗೋಕಾ? ಒಣಗಿಸಿ ಏನು ಮಾಡ್ತೀರಿ?”

“ಎಲ್ಲಿ ಒಗೆದ್ರಿ?” ಎಂದ ಕರಡಪ್ಪ, ಮೆಲ್ಲಗೆ.

“ಕಸದ ಗಾಡೀಲಿ. ಗಾಡಿಯಮ್ಮ ಸರಿಯಾಗಿ ಗೇಟಿನ ಹತ್ರನೇ ಇದ್ದಳು. ದೂರದಿಂದಲೇ ಒಗೆದೆ, ಗುರಿ ತಪ್ಪಲಿಲ್ಲ ನೋಡಿ.”

“ಅಯ್ಯೋ ದೊಡ್ಡಮ್ಮ! ಒಗೀರಿ ಅಂದ್ರೆ ಎಸೀರಿ ಅಂತಲ್ಲ!”

“ನಮ್ಮ ಕಡೆ ಹಾಗೇ ಅನ್ನೋದಪ್ಪ. ಬಟ್ಟೆ ಒಗೆದ್ರೆ ನೀರಲ್ಲಿ ಒಗೆಯೋದು. ಬಟ್ಟೆ ಅಲ್ಲದ್ದನ್ನ ಒಗೆದ್ರೆ ಆಚೆಗೆ ಒಗೆಯೋದು. ಕರಡಿ ಏನು ಬಟ್ಟೆನಾ?”

ಹದಿನೆಂಟು ವರ್ಷ ಅಕ್ಷರದ ತಪ್ಪು ಹೆಕ್ಕಿದವನ ಕೈ ತಾನಾಗಿಯೇ ಜೇಬಿಗೆ ಹೋಯಿತು. ಆ ವಾಕ್ಯದಲ್ಲಿ ಒಂದು ತಪ್ಪೂ ಇರಲಿಲ್ಲ. ಕೆಂಪು ಪೆನ್ನಿನಿಂದ ಎಲ್ಲಿ ಗುರುತು ಹಾಕುವುದು?

ಮರುಗಳಿಗೆಯಲ್ಲಿ ಅವನು ಬೀದಿಯಲ್ಲಿ ಓಡುತ್ತಿದ್ದ. ಕಾಲಲ್ಲಿ ಒಂದು ಅವನ ಚಪ್ಪಲಿ, ಒಂದು ಹೆಂಡತಿಯದು. ದೂರದಲ್ಲಿ ಗಾಡಿಯ ಗಂಟೆ ಕೇಳುತ್ತಿತ್ತು. ಗಂಟೆಯ ಹಿಂದೆಯೇ ಓಡಿ, ಮೂರು ತಿರುವು ತಿರುಗಿ, ಕೊನೆಗೆ ಗಾಡಿಯನ್ನು ಎರಡೂ ಕೈಯಿಂದ ಹಿಡಿದು ನಿಲ್ಲಿಸಿ, “ಕರಡಿ... ಕರಡಿ ಕೊಡಿ...” ಎಂದು ಏದುಸಿರು ಬಿಟ್ಟ.

“ಕರಡಿ ಇಲ್ಲ ಸಾರ್,” ಎಂದ ಗಾಡಿಯವನು. “ಕಿತ್ತಳೆ ಇದೆ, ದ್ರಾಕ್ಷಿ ಇದೆ. ಕಡ್ಡಿಗೆ ಚುಚ್ಚಿ ಕೊಡ್ಲಾ?”

ಅದು ಐಸ್‌ಕ್ಯಾಂಡಿಯ ಗಾಡಿಯಾಗಿತ್ತು.

ಕರಡಪ್ಪ ವಾಪಸು ಬಂದಾಗ ಮನೆಯ ಮುಂದೆ ಸಭೆ ಸೇರಿತ್ತು. ದೊಡ್ಡಮ್ಮ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು. “ಗಾಡಿಯಮ್ಮನ ಮನೆ ನನಗೆ ಗೊತ್ತು, ಹೇಳಿ ಕಳಿಸ್ತೀನಿ. ಆದ್ರೆ ಅವಳು ಮನೆಗೆ ಬರೋದೇ ಮಧ್ಯಾಹ್ನ ಕಳೆದ ಮೇಲೆ,” ಎಂದರು.

“ಪುಟ್ಟಿ ಮೂರೂವರೆಗೆ ಬಂದುಬಿಡ್ತಾಳೆ,” ಎಂದ ಕರಡಪ್ಪ. ಮಗುವಿಗೆ ಮಾತು ಕೊಟ್ಟಿದ್ದ. ಹೆಂಡತಿ ಬೈದರೆ ಕೇಳಿಸಿಕೊಳ್ಳಬಹುದು, ಅದು ಅಭ್ಯಾಸ. ಪುಟ್ಟಿ ತುಟಿ ಬಿಗಿಹಿಡಿದು ತನ್ನನ್ನೇ ನೋಡುತ್ತ ನಿಂತರೆ ಏನು ಮಾಡುವುದು?

“ಅಂಥದ್ದೇ ಇನ್ನೊಂದು ತಂದುಬಿಡಿ,” ಎಂದ ದರ್ಜಿ.

ಆ ಒಂದು ಮಾತಿಗೆ ಕರಡಪ್ಪ ಅವನು ಇಷ್ಟು ವರ್ಷ ಹೊಲಿದುಕೊಟ್ಟ ಬಿಗಿ ಪ್ಯಾಂಟುಗಳನ್ನೆಲ್ಲ ಕ್ಷಮಿಸಿದ.

ಆಟಿಕೆ ಅಂಗಡಿಯಲ್ಲಿ, ಮೇಲಿನ ಕಪಾಟಿನ ಮೂಲೆಯಲ್ಲಿ, ಅದೇ ಕಂಪನಿಯ ಒಂದೇ ಒಂದು ಕರಡಿ ಉಳಿದಿತ್ತು. ಜೇನಿನ ಬಣ್ಣ, ಉಬ್ಬಿದ ಮೂಗು, ಜಗತ್ತಿನ ಕಷ್ಟವೇ ಗೊತ್ತಿಲ್ಲದ ಮುಖ. ಕರಡಪ್ಪ ಮೊದಲು ಮಾಡಿದ ಕೆಲಸವೆಂದರೆ ಬಾಲ ಎತ್ತಿ ಚೀಟಿ ಓದಿದ್ದು. “ನೀರಿನಲ್ಲಿ ತೊಳೆಯಬೇಕಾದರೆ ಅಂಗಡಿಯವರನ್ನು ವಿಚಾರಿಸಿ” ಎಂದಿತ್ತು.

“ತೊಳೀಬಹುದಾ ಇದನ್ನ?” ಎಂದು ವಿಚಾರಿಸಿದ.

“ನಂಗೇನ್ರೀ ಗೊತ್ತು? ಚೀಟೀಲಿ ಬರೆದಿರುತ್ತೆ, ಓದ್ಕೊಳ್ಳಿ,” ಎಂದ ಅಂಗಡಿಯವನು. “ಪ್ಲಾಸ್ಟಿಕ್ ಕವರ್ ಹಾಕ್ಕೊಡ್ತೀನಿ. ಧೂಳು ಕೂರಲ್ಲ.”

“ಬೇಡ, ಕೂರಲಿ. ನಿಮ್ಮಲ್ಲಿ ಇದಕ್ಕಿಂತ ಹಳೇದು, ಸ್ವಲ್ಪ ಕೊಳೆಯಾಗಿರೋದು ಇದ್ರೆ ಕೊಡಿ.”

ಅಂಗಡಿಯವನು ಅವನ ಕಾಲಿನ ಎರಡು ಬಗೆಯ ಚಪ್ಪಲಿ ನೋಡಿ, ಬೇರೇನೂ ಕೇಳದೆ ಕರಡಿಯನ್ನು ಕೊಟ್ಟು ಕಳಿಸಿದ.

ಗಂಟೆ ಒಂದಾಗಿತ್ತು. ಮೂರು ವರ್ಷದ ಕೊಳೆಯನ್ನು ಎರಡೂವರೆ ಗಂಟೆಯಲ್ಲಿ ಮಾಡಬೇಕಿತ್ತು. ಕರಡಪ್ಪ ಊಟದ ಮೇಜಿನ ಮೇಲೆ ಹಾಳೆ ಹಾಸಿ, ಕರಡಿಯನ್ನು ಮಲಗಿಸಿ, ಫೋನಿನಲ್ಲಿದ್ದ ಒಂದು ಫೋಟೊ ತೆರೆದಿಟ್ಟ. ಪುಟ್ಟಿ ಅಪ್ಪನ ಫೋನನ್ನು ತನ್ನ ಕಡೆಗೇ ತಿರುಗಿಸಿ ಹಿಡಿದು, ಡುಮ್ಮಣ್ಣನ ಕೆನ್ನೆಗೆ ಕೆನ್ನೆ ಒತ್ತಿ ತೆಗೆದುಕೊಂಡ ಫೋಟೊ ಅದು. ಇಷ್ಟು ವರ್ಷ ತಪ್ಪು ತೆಗೆದವನು ಈಗ ಸಾಲು ಸಾಲಾಗಿ ತಪ್ಪು ಸೇರಿಸಲು ಕೂತ.

“ಧೂಳು ಮಾತ್ರ ಹಾಕೂಡದು,” ಎಂದರು ಔಷಧಿ ಅಂಕಲ್. ಯಾರೂ ಕರೆಯದೆಯೇ ಅವರು ಬಂದಿದ್ದರು. “ಮಗುಗೆ ಸೀನು. ನೋಡೋಕೆ ಕೊಳೆ, ಒಳಗೆ ಶುದ್ಧ. ಅಂಥ ಕೊಳೆ ಬೇಕು.” ಹೀಗೆ ಹೇಳಿ ಒಂದು ಪಾತ್ರೆ ತುಂಬ ಕಡು ಚಹಾ ಕಾಯಿಸಿ, ಹಳೆಯ ಬ್ರಷ್ಷಿನಿಂದ ಕರಡಿಗೆ ಬಳಿದರು. ಜೇನಿನ ಬಣ್ಣ ಮೆಲ್ಲಗೆ ಹೆಸರಿಲ್ಲದ ಬಣ್ಣಕ್ಕೆ ತಿರುಗಿತು. ದೊಡ್ಡಮ್ಮ, ಕರಡಪ್ಪನ ಹೆಂಡತಿಯ ಕೂದಲು ಒಣಗಿಸುವ ಯಂತ್ರ ಹಿಡಿದು ಬಿಸಿಗಾಳಿ ಹಾಯಿಸಿ ಅದನ್ನು ಒಣಗಿಸಿದರು. ಹಾಲಿನಲ್ಲಿ ಅದ್ದಿದ ಬಿಸ್ಕತ್ತನ್ನು ಕುತ್ತಿಗೆಯ ಸಂದಿಗೆ ಉಜ್ಜಿದರು. ಕಿವಿಗೆ ಹೊಲಿಗೆ ಹಾಕುವ ಕೆಲಸ ದರ್ಜಿಗೆ ಹೋಯಿತು.

“ಚೆನ್ನಾಗಿ ಹೊಲೀಬೇಡಪ್ಪ,” ಎಂದು ಕರಡಪ್ಪ ಅಂಗಲಾಚಿದ. “ನಾನು ಹೊಲಿದ ಹಾಗಿರಬೇಕು.”

“ಅಷ್ಟು ಕೆಟ್ಟದಾಗಿ ನನ್ನ ಕೈಲಿ ಆಗಲ್ಲ ಸ್ವಾಮಿ,” ಎಂದ ದರ್ಜಿ, ನೊಂದುಕೊಂಡು. ಕೊನೆಗೆ ಕಣ್ಣು ಮುಚ್ಚಿಕೊಂಡು ಎಡಗೈಯಲ್ಲಿ ಹೊಲಿದ. ಆಗ ಸರಿಹೋಯಿತು.

ಮೂಗು ಮಾತ್ರ ಯಾವುದಕ್ಕೂ ಬಗ್ಗಲಿಲ್ಲ. ಒತ್ತಿದರೆ ಒಳಗೆ ಹೋಗುತ್ತಿತ್ತು, ಬಿಟ್ಟರೆ ಟಪ್ಪನೆ ಹೊರಗೆ ಬರುತ್ತಿತ್ತು. ಅಂಕಲ್ ಯೋಚಿಸಿ, ಕರಡಿಯನ್ನು ಕುರ್ಚಿಯ ಮೇಲೆ ಬೋರಲು ಹಾಕಿ, ಅದರ ಮೇಲೆ ತಾವೇ ಕೂತು, ಇಡೀ ದಿನಪತ್ರಿಕೆಯನ್ನು ಸಂಪಾದಕೀಯವೂ ಸೇರಿದಂತೆ ಓದಿ ಮುಗಿಸಿದರು. ಎದ್ದಾಗ ಮೂಗು ಚಪ್ಪಟೆಯಾಗಿತ್ತು. ಬೀದಿಗೆ ಅವರು ಮಾಡಿದ ಮೊದಲ ಉಪಕಾರ ಅದು.

ಉಳಿದದ್ದು ಚೀಟಿ. “ಬೇ” ಆದಮೇಲಿನ ಅಕ್ಷರಗಳು ಹೋಗಬೇಕಿತ್ತು. ಕತ್ತರಿಸಿದರೆ ಗೊತ್ತಾಗುತ್ತದೆ. ಕರಡಪ್ಪ ಸುತ್ತ ನೋಡಿದ. ಎಲ್ಲರೂ ಬೇರೆ ಕಡೆ ನೋಡತೊಡಗಿದರು. ಅವನು ಗೋಡೆಗೆ ಮುಖ ಮಾಡಿ ಕೂತು, ಇಪ್ಪತ್ತು ನಿಮಿಷ ಆ ಚೀಟಿಯನ್ನು ಚೀಪಿದ. ಪುಟ್ಟಿಗೆ ಅದರಲ್ಲಿ ಏನು ರುಚಿ ಕಂಡಿತ್ತೋ ಅವನಿಗೆ ಕಾಣಲಿಲ್ಲ.

ಕೊನೆಗೆ ಜೇಬಿನ ಕೆಂಪು ಪೆನ್ನು ತೆಗೆದು ಹೊಟ್ಟೆಯ ಮೇಲೆ ಕಲೆ ಹಾಕಿದ. ಫೋಟೊಗೂ ಕರಡಿಗೂ ಅಕ್ಷರ ಅಕ್ಷರ ತಾಳೆ ನೋಡಿದ. ಒಂದೂ ವ್ಯತ್ಯಾಸವಿಲ್ಲ.

“ಯಾರೂ ಬಾಯಿ ಬಿಡೋ ಹಾಗಿಲ್ಲ,” ಎಂದ ಎಲ್ಲರಿಗೂ.

“ನಾನು ಉಸಿರೆತ್ತಿದ್ರೆ ಕೇಳಿ,” ಎಂದರು ದೊಡ್ಡಮ್ಮ. “ಪುಟ್ಟೀನ ವ್ಯಾನಿಂದ ನಾನೇ ಇಳಿಸ್ಕೊಂಡು ಬರ್ತೀನಿ. ಅಷ್ಟಾದ್ರೂ ಮಾಡ್ತೀನಿ.”

ಮೂರೂವರೆಗೆ ಪುಟ್ಟಿ ಬಂದಾಗ, ಬಾಗಿಲ ಬಳಿ ಅಂಕಲ್ ಗೋಡೆಯ ಗಡಿಯಾರವನ್ನು ಹೊಸದಾಗಿ ಕಂಡವರಂತೆ ನೋಡುತ್ತಿದ್ದರು. ದರ್ಜಿ ಸುಮ್ಮಸುಮ್ಮನೆ ಬಾಗಿಲಿನ ಅಳತೆ ತೆಗೆಯುತ್ತಿದ್ದ. ಅವಳ ಕಣ್ಣು ಸ್ವಲ್ಪ ಕೆಂಪಗಿತ್ತು. ಬಿಸಿಲಿರಬೇಕು ಎಂದುಕೊಂಡ ಕರಡಪ್ಪ. ಅವಳು ಮೇಜಿನ ಮೇಲಿದ್ದ ಕರಡಿಯನ್ನು ಎತ್ತಿಕೊಂಡಳು. ಮುಖ ನೋಡಿದಳು. ಮೂಸಿದಳು. ಕ್ಷಣ ಹೊತ್ತು ಅಪ್ಪನ ಮುಖವನ್ನೂ ನೋಡಿದಳು. ಆಮೇಲೆ ಕರಡಿಯನ್ನು ಎದೆಗೆ ಒತ್ತಿಕೊಂಡು, “ಡುಮ್ಮಣ್ಣ!” ಎಂದಳು.

ಕರಡಪ್ಪನಿಗೆ ಕುಣಿಯಬೇಕು ಅನ್ನಿಸಿತು. ಕುಣಿದೂಬಿಟ್ಟ, ಅಡುಗೆಮನೆಗೆ ಹೋಗಿ, ಒಬ್ಬನೇ. ದರ್ಜಿ ಹೊರಡುವಾಗ, “ಗೆದ್ದುಬಿಟ್ರಿ ಕರಡಿಯಪ್ಪನೋರೇ,” ಎಂದ. ತಿದ್ದಬೇಕಾದ ತಪ್ಪು ಅದು; ಖುಷಿಯಲ್ಲಿ ಅವನು ತಿದ್ದಲಿಲ್ಲ.

ಐದೂವರೆಗೆ ಹೆಂಡತಿ ಬಂದಳು. ಚೀಲ ಇಳಿಸುವ ಮೊದಲೇ ಅವಳ ಕಣ್ಣು ಪುಟ್ಟಿಯ ಬಗಲಿಗೆ ಹೋಯಿತು.

“ಇದೇನ್ರೀ ಇದು?”

ದಿನವಿಡೀ ಪುಟ್ಟಿಯ ಕಣ್ಣಿಗಾಗಿ ದುಡಿದ ಕರಡಪ್ಪ, ಹೆಂಡತಿಗೂ ಕಣ್ಣಿದೆ ಎಂಬುದನ್ನೇ ಮರೆತಿದ್ದ.

“ಒಗೀರಿ ಅಂತ ಬೆಳಿಗ್ಗೆ ನಾನು ಯಾರಿಗೆ ಹೇಳಿ ಹೋದೆ? ಗೋಡೆಗಾ? ಬೆಳಿಗ್ಗೆ ಇದ್ದದ್ದಕ್ಕಿಂತ ಇನ್ನೂ ಕೊಳೆಯಾಗಿದೆಯಲ್ರೀ! ಇಡೀ ದಿನ ಮನೇಲಿ ಕೂತು ಒಂದು ಕರಡಿಗೆ ನೀರು ತೋರಿಸೋಕಾಗಲಿಲ್ವಾ?”

ನಿಜ ಹೇಳೋಣವೆಂದರೆ ಪುಟ್ಟಿ ಎದುರಿಗಿದ್ದಾಳೆ. “ಅದು... ಚೀಟೀಲಿ ‘ಬೇ’ವರೆಗೆ ಮಾತ್ರ ಇತ್ತು ಕಣೇ,” ಎಂದ.

ಅಷ್ಟರಲ್ಲಿ ಬಾಗಿಲು ತಟ್ಟಿದ ಸದ್ದಾಯಿತು. ಹೊರಗೆ ಕಸದ ಗಾಡಿಯಮ್ಮ ನಿಂತಿದ್ದಳು. ಅವಳ ಹಿಂದೆ, ಸಂತೋಷದಿಂದ ಮುಖ ಊರಗಲ ಮಾಡಿಕೊಂಡು ದೊಡ್ಡಮ್ಮ. ಗಾಡಿಯಮ್ಮನ ಕೈಯಲ್ಲಿ ಒಂದು ಕರಡಿ. ಜೇನಿನ ಬಣ್ಣ, ಉಬ್ಬಿದ ಮೂಗು, ಬಾಚಿದ ಕೂದಲು. ಆಗಷ್ಟೇ ಅಂಗಡಿಯಿಂದ ಇಳಿದುಬಂದ ಹಾಗಿತ್ತು.

“ಬೆಳಿಗ್ಗೆ ಗಾಡೀಲಿ ಸಿಕ್ತು ಅಮ್ಮ. ಎಸೆಯೋಕೆ ಮನಸ್ಸು ಬರಲಿಲ್ಲ, ಮಗಳ ಕೈಲಿ ಮನೆಗೆ ಕಳಿಸಿ ಒಗೆಸಿದೆ. ನಿಮ್ಮದಿರಬಹುದು ಅಂದ್ರು ಇವರು.”

ಹೆಂಡತಿ ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು. ಅವಳ ಹಿಂದೆ ನಿಂತು ಕರಡಪ್ಪ ದೊಡ್ಡಮ್ಮನಿಗೆ ಎರಡೂ ಕೈ ಮುಗಿದು, ತುಟಿಗೆ ಬೆರಳಿಟ್ಟು, ಕತ್ತು ಅಲ್ಲಾಡಿಸಿದ.

“ನಮ್ಮದೆಲ್ಲಿ ಬಂತು? ನಮ್ಮದರ ಅವತಾರ ನೋಡಿ ಅಲ್ಲಿ! ಎಷ್ಟು ಚೆನ್ನಾಗಿ ಒಗೆದಿದ್ದೀರಿ! ಹೇಗೆ ಮಾಡಿದ್ರಿ ಇದನ್ನ?”

“ಏನಿಲ್ಲ ಅಮ್ಮ. ದಿಂಬಿನ ಚೀಲದೊಳಗೆ ಹಾಕಿ, ಬಾಯಿ ಕಟ್ಟಿ, ತಣ್ಣೀರಲ್ಲಿ ಮಷೀನಿಗೆ ಹಾಕೋದು. ಸೋಪಿನ ಪುಡಿ ಒಂದೇ ಚಮಚ. ಆಮೇಲೆ ಬಿಸಿಲಲ್ಲಿ ಇಟ್ಟು, ಆಗಾಗ ತಟ್ಟುತ್ತಾ ಇದ್ರೆ ಹತ್ತಿ ಗಂಟು ಕಟ್ಟಲ್ಲ. ಕಿವಿಗೆ ಯಾರೋ ಕೈಲಾಗದೋರು ಹೊಲಿದಿದ್ರು, ಅದನ್ನೂ ಬಿಚ್ಚಿ ಸರಿಮಾಡ್ದೆವು.”

“ಕೇಳಿಸ್ಕೊಂಡ್ರಾ?” ಎಂದು ಹೆಂಡತಿ ಗಂಡನ ಕಡೆ ತಿರುಗಿದಳು. “ಕರಡಿ ಅಂದ್ರೆ ಹೀಗಿರಬೇಕು!”

ಕರಡಪ್ಪನ ಕಣ್ಣು ಕರಡಿಯ ಬಾಲದ ಕೆಳಗೆ ಹೋಯಿತು. “ನೀರಿನಲ್ಲಿ ತೊಳೆಯಬೇ”. ಸಾಕ್ಷಾತ್ ಡುಮ್ಮಣ್ಣ! ಬಾಯಿ ಬಿಟ್ಟರೆ ಪುಟ್ಟಿಯ ಬಗಲಲ್ಲಿರುವುದು ನಕಲು ಎಂದಾಗುತ್ತದೆ. ಬಿಡದಿದ್ದರೆ ಮೂಲಪ್ರತಿ ಮನೆ ಬಿಟ್ಟು ಹೋಗುತ್ತದೆ. ಅವನ ಬಾಯಿ ಅರ್ಧ ತೆರೆದು ಅಲ್ಲೇ ನಿಂತಿತು.

ಪುಟ್ಟಿ ಮುಂದೆ ಬಂದಳು. ಚೊಕ್ಕಟವಾದ ಕರಡಿಯ ಕೆನ್ನೆಯನ್ನು ಒಂದು ಬೆರಳಿನಿಂದ ಮುಟ್ಟಿದಳು.

“ಇದು ನಮ್ಮದಲ್ಲ,” ಎಂದಳು. “ಅಜ್ಜಿ, ನಿಮ್ಮ ಮನೇಲಿ ಪಾಪು ಇದೆಯಾ?”

“ಮೊಮ್ಮಗಳಿದ್ದಾಳೆ ಕಂದ.”

“ಅವಳಿಗೆ ಕೊಡಿ. ರಾತ್ರಿ ಕೆನ್ನೆ ಒತ್ತಿ ಮಲಗಿದ್ರೆ ಇವನಿಗೆ ಇಷ್ಟ ಆಗುತ್ತೆ.”

ಗಾಡಿಯಮ್ಮ ನಗುತ್ತ ಹೊರಟಳು. ಡುಮ್ಮಣ್ಣ ಅವಳ ಹೆಗಲ ಮೇಲಿಂದ ಕರಡಪ್ಪನನ್ನೇ ನೋಡುತ್ತ ಮೆಟ್ಟಿಲಿಳಿದು ಹೋದ.

“ನಾಳೆನೂ ರಜ ಹಾಕಿ. ದಿಂಬಿನ ಚೀಲ, ತಣ್ಣೀರು, ಒಂದು ಚಮಚ. ನಾನು ಬರೋಷ್ಟರಲ್ಲಿ ಇದು ಒಗೆದಿರಬೇಕು,” ಎಂದು ಹೇಳಿ ಹೆಂಡತಿ ಮುಖ ತೊಳೆಯಲು ಹೋದಳು.

ಪುಟ್ಟಿ ಅಪ್ಪನ ಕೈ ಹಿಡಿದು ಕೋಣೆಗೆ ಕರೆದೊಯ್ದು ಬಾಗಿಲು ಮುಂದೆ ಮಾಡಿದಳು.

“ಅಪ್ಪ, ಬಗ್ಗು.”

ಕರಡಪ್ಪ ಬಗ್ಗಿದ. ಅವಳು ಅವನ ಕಿವಿ ಹಿಡಿದು ಚೆನ್ನಾಗಿ ಹಿಂಡಿದಳು.

“ಅಯ್ಯಯ್ಯೋ! ಯಾಕೆ?”

“ಬೇರೆಯವನು ಬಂದ್ರೆ ಹಿಂಡು ಅಂದಿದ್ದೆಯಲ್ಲ.”

“ನಿಂಗೆ ಹೇಗೆ ಗೊತ್ತಾಯ್ತು?”

“ದೊಡ್ಡಮ್ಮ ವ್ಯಾನಿನ ಹತ್ರನೇ ಎಲ್ಲಾ ಹೇಳಿದ್ರು. ನಾನು ಅತ್ತೆ. ಆಮೇಲೆ ಇವನನ್ನ ನೋಡಿದೆ. ಡುಮ್ಮಣ್ಣನಿಗೆ ಹೊಲಿಗೆ ಇದ್ದದ್ದು ಈ ಕಿವೀಲಿ. ನೀನು ಆ ಕಿವೀಲಿ ಹಾಕಿಸಿದ್ದೀಯ. ಫೋಟೊ ನೋಡಿ ಮಾಡಿದ್ಯಾ? ಅದರಲ್ಲಿ ಎಲ್ಲಾ ಉಲ್ಟಾ ಬರುತ್ತೆ ಅಪ್ಪ, ಕನ್ನಡಿ ಥರ.”

ಕರಡಪ್ಪ ಫೋನು ತೆಗೆದು ನೋಡಿದ. ಫೋಟೊದಲ್ಲಿ ಪುಟ್ಟಿಯ ಅಂಗಿಯ ಮೇಲಿನ ಅಕ್ಷರಗಳು ತಿರುಗುಮುರುಗಾಗಿದ್ದವು. ಅಕ್ಷರ ಕಂಡರೆ ಬಿಡದವನು ಅಕ್ಷರಗಳನ್ನೇ ನೋಡಿರಲಿಲ್ಲ.

“ಮತ್ತೆ ಅಮ್ಮನಿಗೆ ಯಾಕೆ ಹೇಳಲಿಲ್ಲ?”

“ಅಮ್ಮ ಬೈತಿದ್ದಳು. ನಿನ್ನ ನೋಡಿ ಪಾಪ ಅನ್ನಿಸ್ತು. ಇಷ್ಟೊಂದು ಕೊಳೆ ಮಾಡಿದ್ದೀಯ ನಂಗೋಸ್ಕರ.”

ಇಂಥ ಮಗಳನ್ನು ಪಡೆಯಲು ತಾನು ಏನು ಪುಣ್ಯ ಮಾಡಿದ್ದೆನೋ ಎಂದು ಕರಡಪ್ಪ ಅವಳನ್ನು ಅಪ್ಪಿಕೊಂಡ. ಅವಳು ಸ್ವಲ್ಪ ಹೊತ್ತು ಅಪ್ಪಿಸಿಕೊಂಡಿದ್ದು, ಆಮೇಲೆ ಬಿಡಿಸಿಕೊಂಡು ಮಂಚದ ಕೆಳಗೆ ನುಗ್ಗಿದಳು. ಒಂದು ಕಿವಿಯಿಲ್ಲದ ಮೊಲ ಹೊರಬಂತು. ಸೊಂಡಿಲು ಸಡಿಲವಾದ ಆನೆ, ಬಾಲ ಕಿತ್ತುಹೋದ ಕೋತಿ, ಒಂಟಿಕಣ್ಣಿನ ಬಾತುಕೋಳಿ, ಹಿಂದೆ ಯಾವ ಪ್ರಾಣಿಯಾಗಿತ್ತೋ ಯಾರಿಗೂ ನೆನಪಿಲ್ಲದ ಇನ್ನೊಂದು. ಎಲ್ಲವನ್ನೂ ಅಪ್ಪನ ಮುಂದೆ ಸಾಲಾಗಿ ಕೂರಿಸಿದಳು.

“ನಾಳೆ ರಜ ಹಾಕ್ತೀಯಲ್ಲ, ಇವರನ್ನೂ ಒಗೆ. ಇಲ್ಲದಿದ್ರೆ ಅಮ್ಮನಿಗೆ ಎಲ್ಲಾ ಹೇಳಿಬಿಡ್ತೀನಿ.”

“ಅಷ್ಟೇ ತಾನೆ!” ಎಂದ ಕರಡಪ್ಪ, ಹಗುರವಾಗಿ. “ಅದಕ್ಕೇನಂತೆ, ಒಗೆದ್ರಾಯ್ತು. ದಿಂಬಿನ ಚೀಲ, ತಣ್ಣೀರು, ಸೋಪು ಒಂದು ಚಮಚ—”

“ಸೋಪು ಬೇಡ ಅಪ್ಪ,” ಎಂದಳು ಪುಟ್ಟಿ. “ದೊಡ್ಡಮ್ಮ ಒಗೆದ ಹಾಗೆ ಒಗೆ.”